ಕಲಶದ ನೀರು ಕುಡಿದ ಕಂಪ್ಯೂಟರ್

ದಾವಣಗೆರೆಯ ಒಂದು ಮದುವೆ ವಿಡಿಯೋ ಸ್ಟುಡಿಯೋದಲ್ಲಿ ಅಣ್ಣ ಕೊಟ್ರೇಶ, ತಂಗಿ ಚಂದ್ರಕಲಾ ಎದುರುಬದುರು ಕೂತು ಎಡಿಟಿಂಗ್ ಮಾಡುತ್ತಿದ್ದರು. ಇಬ್ಬರ ಕಂಪ್ಯೂಟರನ್ನೂ ಒಂದೇ ದಿನ ಕೊಂಡಿದ್ದು. ಬಿಸಿ ಏರದಂತೆ ಒಳಗಿನ ಕೊಳವೆಗಳಲ್ಲಿ ತಂಪು ದ್ರವ ಹರಿಯುವ ಯಂತ್ರಗಳು.

ಪ್ರತಿ ವರ್ಷ ಆಯುಧ ಪೂಜೆಗೆ ಮುಂಚೆ ತಂಗಿ ತನ್ನ ಯಂತ್ರ ನಿಲ್ಲಿಸುತ್ತಿದ್ದಳು. ಹಳೆಯ ದ್ರವ ಬಸಿದು, ಕೊಳವೆ ತೊಳೆದು, ರೇಡಿಯೇಟರಿನ ಧೂಳು ತೆಗೆದು, ಹೊಸ ದ್ರವ ತುಂಬುತ್ತಿದ್ದಳು.

"ಓಡೋ ಕುದುರೆಗೆ ಯಾಕವ್ವ ಈ ಉಪಚಾರ?" ಎಂದು ಅಣ್ಣ ನಗುತ್ತಿದ್ದ.

ಅವನದು ಬರೀ ಪೂಜೆ. ವಿಭೂತಿ, ಕುಂಕುಮ, ಫ್ಯಾನಿಗೆ ಅಡ್ಡಲಾಗಿ ಚೆಂಡುಹೂವಿನ ಹಾರ. ದ್ರವ ಕಡಿಮೆಯಾದಾಗ ಭಕ್ತಿಯಿಂದ ಕಲಶದ ನೀರನ್ನೇ ಸುರಿದ, ಅರಿಶಿನದ ಸಮೇತ! ಮಿಕ್ಕಿದ್ದನ್ನು ದೇವರು ನೋಡಿಕೊಳ್ಳುತ್ತಾನಂತೆ. ದೇವರಿಗೆ ಬೇರೆ ಕೆಲಸವಿಲ್ಲವೇ?

ಈ ವರ್ಷ ಹಬ್ಬದ ಹಿಂದಿನ ದಿನ ಶಶಿರೇಖಾ ಎಂಬ ಹುಡುಗಿ ತನ್ನ ಮದುವೆಯ ವಿಡಿಯೋಗಾಗಿ ಬಂದು ಕೂತಳು. ಮದುವೆಯಾದ ಸ್ವಲ್ಪ ದಿನಕ್ಕೇ ಅವಳ ಅಪ್ಪ ತೀರಿಹೋಗಿದ್ದರು. ಸಂಜೆ ಮನೆಯಲ್ಲಿ ಬಂಧುಗಳೆಲ್ಲ ಸೇರಿ ಅವರನ್ನು ಪರದೆಯ ಮೇಲೆ ನೋಡಬೇಕಿತ್ತು. ಅಪ್ಪನ ದನಿ ಉಳಿದಿದ್ದದ್ದು ಸ್ಟುಡಿಯೋದ ಒಂದೇ ಒಂದು ಡಿಸ್ಕಿನಲ್ಲಿ.

ಆ ವಿಡಿಯೋ ತಯಾರಾಗುತ್ತಿದ್ದ ಕೊಟ್ರೇಶನ ಯಂತ್ರ ಕಾದು ಕಾದು ಆಫ್ ಆಯಿತು. ಬಿಚ್ಚಿದರೆ ಒಳಗೆಲ್ಲ ಅರಿಶಿನ ಕಟ್ಟಿಕೊಂಡ ಹಸಿರು ಪಾಚಿ! ತಂಗಿಯ ಯಂತ್ರಕ್ಕೆ ಆಗಷ್ಟೇ ಹೊಸ ದ್ರವ ತುಂಬಿತ್ತು.

"ಆ ಡಿಸ್ಕ್ ನಿನ್ನ ಯಂತ್ರಕ್ಕೆ ಹಾಕಿ ಆನ್ ಮಾಡು!" ಎಂದ ಅಣ್ಣ.

"ಆಗಲ್ಲ. ಮೊದಲು ಪಂಪ್ ಒಂದೇ ಓಡ್ಬೇಕು. ಕೊಳವೆ ಕೆಳಗೆ ಪೇಪರ್ ಹಾಸಿ, ಎಲ್ಲಾದ್ರೂ ಸೋರ್ತೈತಾ ಅಂತ ನೋಡ್ಬೇಕು."

"ಗಿರಾಕಿ ಮುಂದೆ ಮರ್ಯಾದೆ ಕಳೀತೀಯಾ? ದೊಡ್ಡೋನು ಹೇಳ್ತಿದೀನಿ!"

ಚಂದ್ರಕಲಾ ಅಣ್ಣನ ಯಂತ್ರದಿಂದ ಡಿಸ್ಕನ್ನು ತೆಗೆದು ಮುಷ್ಟಿಯಲ್ಲಿ ಹಿಡಿದು ನಿಂತಳು. "ದೊಡ್ಡೋನು ಅಂತ ನೀರು ನಿನ್ನ ಮಾತು ಕೇಳಲ್ಲ. ಎಷ್ಟು ಬೇಕೋ ಅಷ್ಟು ಬೈಕೋ. ಕೊಡಲ್ಲ."

ಶಶಿರೇಖಾ ಕಣ್ಣು ತುಂಬಿಕೊಂಡಳು. "ಸಂಜೆಗೆ ಸಿಗಲ್ವಾ ಅಕ್ಕಾ?"

"ತಡ ಆದ್ರೆ ನನ್ನ ಬೈಯಿ ತಾಯಿ. ನಿಮ್ಮಪ್ಪನ ದನಿ ಮಾತ್ರ ನೀರುಪಾಲು ಮಾಡಲ್ಲ."

ಬೇರೆ ಯಾವುದಕ್ಕೂ ಕರೆಂಟ್ ಕೊಡದೆ ಪಂಪ್ ಓಡಿಸಿದಳು. ಅಣ್ಣ ಗೊಣಗುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಪೇಪರಿನ ಮೇಲೆ ಒಂದು ಹನಿ ಬಿತ್ತು, ಸರಿಯಾಗಿ ಡಿಸ್ಕ್ ಕೂರುವ ಜಾಗದಲ್ಲೇ. ಅಣ್ಣ ಎದ್ದು ಒರೆಸುವ ಬಟ್ಟೆ ತಂದುಕೊಟ್ಟ.

ಅವಳು ಸಡಿಲವಿದ್ದ ಕೊಳವೆ ಬಿಗಿದು, ಒರೆಸಿ, ಮತ್ತೆ ಪರೀಕ್ಷಿಸಿ, ಆಮೇಲೆ ಕೆಲಸಕ್ಕೆ ಕೂತಳು. ವಿಡಿಯೋ ತಡವಾಗಿಯೇ ಮುಗಿಯಿತು. ಆದರೂ ಬಂಧುಗಳು ಯಾರೂ ಎದ್ದು ಹೋಗಿರಲಿಲ್ಲ. ಪರದೆಯ ಮೇಲೆ ಅಪ್ಪ ಮಗಳ ತಲೆ ಮುಟ್ಟಿ, "ಯಾರಿಗೂ ಹೆದರಬ್ಯಾಡ ಮಗಳೇ" ಎಂದರು. ಶಶಿರೇಖಾ ಅದನ್ನೇ ಮತ್ತೆ ಮತ್ತೆ ಹಾಕಿಸಿ ಕೇಳಿದಳು.

ಮರುದಿನ ಕೊಟ್ರೇಶ ಹಾರ ಹಿಡಿದು ಬಂದ. ತಂಗಿ ಹಾರ ಕಸಿದುಕೊಂಡು ಅವನ ಕೈಗೆ ಬ್ರಷ್ ಕೊಟ್ಟಳು.

"ಮೊದಲು ಪಾಚಿ ತಿಕ್ಕು. ಹಾರ ಆಮೇಲೆ."

ಅವನು ಕೂತು ತಿಕ್ಕಿದ.

ನೀತಿ: ತೊಳೆಯದೆ ಹಾಕಿದ ಹಾರ ಪೂಜೆಯಲ್ಲ, ಸೋಮಾರಿತನ. ಅನ್ನ ಕೊಡುವ ಯಂತ್ರವನ್ನು ಕೆಡುವ ಮುಂಚೆಯೇ ನೋಡಿಕೊಳ್ಳಿ. ಅವಸರ ಮಾಡಿಸಲು ಬಂದವರು ಹಿರಿಯರೇ ಆಗಿದ್ದರೂ "ಆಗಲ್ಲ" ಎನ್ನಿ.