ಕೊಳವೆಯೊಳಗಿನ ಕಿಡಿ

ನದಿ ಕಡಲು ಸೇರುವಲ್ಲಿ ಒಂದು ರೇಡಿಯೋ ಪ್ರಸಾರ ಕೇಂದ್ರ. ಅಲ್ಲಿ ಗುರು ವಾಮನ ಪೈ, ಶಿಷ್ಯೆ ಲವೀನಾ. ಯಂತ್ರದ ಕೋಣೆಯಿಂದ ಗೋಪುರದವರೆಗೆ ಒಂದು ತಾಮ್ರದ ಕೊಳವೆ. ಪ್ರಸಾರದ ಶಕ್ತಿಯೆಲ್ಲ ಹರಿಯುವುದು ಅದರೊಳಗೇ.

ಅಂದು ಬೆಳಗಿನಿಂದ ಕೊಳವೆಯೊಳಗೆ ಎಲ್ಲೋ ಕಿಡಿ ಹಾರುತ್ತಿತ್ತು. ಹಾರಿದಾಗಲೆಲ್ಲ ಕಾವಲು ಪೆಟ್ಟಿಗೆ ಯಂತ್ರವನ್ನು ತಟ್ಟನೆ ಟ್ರಿಪ್ ಮಾಡಿ ನಿಲ್ಲಿಸುತ್ತಿತ್ತು.

ಲವೀನಾಗೆ ರೇಗಿಹೋಯಿತು. ಪೆಟ್ಟಿಗೆಯ ತಿರುಪು ತಿರುಗಿಸಿ, ಸಣ್ಣ ಕಿಡಿ ಅದಕ್ಕೆ ತಿಳಿಯದಂತೆ ಮಾಡಿಬಿಟ್ಟಳು.

ಪೈ ಬಂದು ನೋಡಿದರು. ತಿರುಪನ್ನು ಮೊದಲಿನ ಜಾಗಕ್ಕೆ ತಂದು, ಯಂತ್ರವನ್ನೇ ಆಫ್ ಮಾಡಿದರು.

“ಸರ್! ಸಂಜೆ ಬಿರುಗಾಳಿಯ ಎಚ್ಚರಿಕೆ ಓದಬೇಕು. ನನ್ನ ಅಪ್ಪ ಕಡಲಲ್ಲಿದ್ದಾರೆ!”

“ಕೊಳವೆ ಸುಟ್ಟುಹೋದ ಮೇಲೆ ಯಾರಿಗೆ ಓದ್ತೀ ಮಾರಾಯ್ತಿ?”

“ಇಷ್ಟುದ್ದದ ಕೊಳವೆಯಲ್ಲಿ ಎಲ್ಲಿ ಅಂತ ಹುಡುಕುವುದು? ಎಲ್ಲ ಬಿಚ್ಚಿದರೆ ನಾಳೆಗೂ ಮುಗಿಯುವುದಿಲ್ಲ.”

“ಬಿಚ್ಚುವುದು ಆಮೇಲೆ. ಮೊದಲು ಕೇಳುವ.”

ಕೊಳವೆಯ ಎರಡು ತುದಿಗೂ ಒಂದೊಂದು ಮೈಕು ಕಟ್ಟಿ, ಎರಡರ ತಂತಿಯನ್ನೂ ಒಂದೇ ಪರದೆಗೆ ಜೋಡಿಸಿದರು.

“ಕಿಡಿಯ ಸದ್ದು ತಾಮ್ರದಲ್ಲೇ ಓಡ್ತದೆ. ಹತ್ತಿರದ ತುದಿಗೆ ಮೊದಲು ಮುಟ್ತದೆ. ಈಗ ಯಂತ್ರ ಹಾಕು. ಮೆಲ್ಲ ಏರಿಸು.”

ಅವಳು ಯಂತ್ರ ಹಾಕಿ, ಮೆಲ್ಲ ಏರಿಸಿದಳು.

ಟಪ್! ಯಂತ್ರ ನಿಂತಿತು. ಪರದೆಯಲ್ಲಿ ಎರಡು ಗೆರೆ ಎದ್ದಿದ್ದವು. ಗೋಪುರದ ತುದಿಯದು ಮೊದಲು, ಈಚೆಯದು ತುಸು ತಡವಾಗಿ.

ಪೈ ಆ ತಡವನ್ನೇ ಲೆಕ್ಕ ಹಾಕಿದರು. ವಿದ್ಯುತ್ ಪೂರ್ತಿ ತೆಗೆಸಿ, ಗೋಪುರದತ್ತ ನಡೆದು, ಕೊಳವೆಯ ಮೇಲೆ ಒಂದು ಕಡೆ ಕೈಯಿಟ್ಟರು.

“ಇಲ್ಲಿ ಬಿಚ್ಚು.”

ಒಳಗೆ, ನಡುವಿನ ತಂತಿಯನ್ನು ಹಿಡಿದಿಡುವ ಬಿಳಿ ಪಿಂಗಾಣಿ ಬಿಲ್ಲೆ. ಅದರ ಮೇಲೆ ಕಿಡಿ ಸುಟ್ಟ, ಕೂದಲೆಳೆಯಷ್ಟು ಕರಿ ಗೆರೆ. ಅಬ್ಬಾ, ಅವರು ಕೈಯಿಟ್ಟ ಜಾಗ ಒಂದು ಗೇಣೂ ತಪ್ಪಿರಲಿಲ್ಲ! ಲವೀನಾ ಗುರುವಿನ ಮುಖವನ್ನೇ ನೋಡುತ್ತ ನಿಂತಳು.

“ನನ್ನನ್ನೇನು ನೋಡ್ತೀ? ಬಿಲ್ಲೆ ಬದಲಿಸು.”

ಸಂಜೆ ಅವಳು ಮತ್ತೆ ಮತ್ತೆ ಓದಿದಳು: “ದೋಣಿಯವರು ಕೂಡಲೇ ವಾಪಸ್ ಬನ್ನಿ.”

ಮರುದಿನ ಮೀನಿನ ಧಕ್ಕೆಯ ಕಂಬಕ್ಕೆ ಅಪ್ಪ ಪಾಸ್ಕಲ್ ದೋಣಿ ಕಟ್ಟುತ್ತಿದ್ದ. ಲವೀನಾ ಓಡಿಹೋಗಿ ಅವನನ್ನು ತಬ್ಬಿಕೊಂಡು ಅತ್ತುಬಿಟ್ಟಳು. ಪೈ ಹಿಂದೆ ನಿಂತಿದ್ದರು.

“ಎಂಥಾ ಮೀನು ಬಿದ್ದಿತ್ತು ಪೈಗಳೇ!” ಎಂದ ಪಾಸ್ಕಲ್. “ಆ ರೇಡಿಯೋದ್ದು ಒಂದೇ ಕಿರಿಕಿರಿ, ವಾಪಸ್ ಬನ್ನಿ, ವಾಪಸ್ ಬನ್ನಿ ಅಂತ. ತಡೆಯಲಾಗದೆ ಸೌಂಡ್ ಕಮ್ಮಿ ಮಾಡಲಿಕ್ಕೆ ಕೈ ಹಾಕಿದೆ. ಆಗ ಮಗಳ ದನಿ ಅಂತ ಗುರುತು ಸಿಕ್ಕಿತು. ದೋಣಿ ತಿರುಗಿಸಿದೆ.”

ಲವೀನಾ ತಲೆ ತಗ್ಗಿಸಿದಳು.

ಪೈ ನಕ್ಕರು. “ಎಚ್ಚರಿಸುವವರ ಬಾಯಿ ಮುಚ್ಚಿಸುವ ಈ ಕೈಗುಣ ಹುಡುಗಿಗೆ ಎಲ್ಲಿಂದ ಬಂತು ಅಂತ ನಿನ್ನೆಯಿಂದ ಯೋಚಿಸ್ತಿದ್ದೆ ಮಾರಾಯ್ರೆ.”