ದಿಣ್ಣೆಯ ಮೇಲಿನ ಹೊರೆಗಲ್ಲು

ಕೇಳಿದರೆ ಪ್ರಶ್ನೆ, ಕೈಮುಗಿದರೆ ದೇವರು, ಟಿಕೆಟ್ ತಗೊಂಡರೆ ಬಸ್ ಸ್ಟಾಪು. ಏನದು, ಹೇಳಿ ನೋಡೋಣ. ತಲೆ ಕೆರೆದುಕೊಳ್ಳಬೇಡಿ, ಗೆಜ್ಜೆಗುಂಟೆಯಲ್ಲಿ ಹುಟ್ಟದವರಿಗೆ ಈ ಒಗಟು ಒಡೆಯುವುದಿಲ್ಲ. ಉತ್ತರ, ಯಾವೂರಪ್ಪ. ನಮ್ಮೂರು ಇನ್ನೊಂದು ಮೈಲಿ ಇದೆ ಅನ್ನುವಾಗ ರಸ್ತೆ ಏದುಸಿರು ಬಿಡುತ್ತಾ ಏರುವ ಜಾಗಕ್ಕೆ ಯಾವೂರಪ್ಪನ ದಿಣ್ಣೆ ಎಂದು ಹೆಸರು. ಅಲ್ಲಿರುವುದು ಒಂದು ಹುಣಸೆಮರ, ತಗಡು ಹಾರಿಹೋದ ಒಂದು ಬಸ್ ತಂಗುದಾಣ, ಮತ್ತು ನೆಟ್ಟ ಎರಡು ಕಲ್ಲುಗಳ ಮೇಲೆ ಅಡ್ಡ ಮಲಗಿಸಿದ ಒಂದು ಚಪ್ಪಡಿ. ಚಪ್ಪಡಿ ನನ್ನ ಹೆಗಲಿನ ಎತ್ತರಕ್ಕಿದೆ. ಅದಕ್ಕೆ ಅರಿಶಿನ ಕುಂಕುಮ ಬಳಿದಿದ್ದಾರೆ, ವರ್ಷಕ್ಕೊಮ್ಮೆ ಸುಣ್ಣವನ್ನೂ ಹೊಡೆಯುತ್ತಾರೆ. ಕಂಡಕ್ಟರ್ ಬಾಗಿಲಲ್ಲಿ ನಿಂತು "ಯಾವೂರಪ್ಪ, ಯಾವೂರಪ್ಪ" ಎಂದು ಕೂಗಿದರೆ ಬಸ್ಸಿನಲ್ಲಿರುವ ಹೊಸಬರು "ಕುಣಿಗಲ್ ಕಡೆ ಸ್ವಾಮಿ" ಎಂದು ವಿನಯದಿಂದ ಉತ್ತರ ಕೊಡುತ್ತಾರೆ. ಹೊಸ ಕಂಡಕ್ಟರ್ ಬಂದ ದಿನ ಇನ್ನೂ ಮಜಾ. "ಎಲ್ಲಿಗೆ?" ಅಂತಾನೆ. "ಯಾವೂರಪ್ಪ" ಅಂತೀವಿ. "ನಮ್ಮೂರು ಕಟ್ಟಿಕೊಂಡು ನಿನಗೇನಯ್ಯ, ನೀನು ಎಲ್ಲಿಗೆ ಹೋಗ್ಬೇಕು ಬೊಗಳು" ಅಂತಾನೆ. ಜಗಳ ಬಿಡಿಸುವ ಹೊತ್ತಿಗೆ ದಿಣ್ಣೆ ದಾಟಿ ಹೋಗಿರುತ್ತದೆ.

ಈ ಹೆಸರು ಹೇಗೆ ಬಂತು ಎಂದು ತಿಳಿಯಬೇಕಾದರೆ ನಮ್ಮೂರಿನವರ ಗುಣ ಸ್ವಲ್ಪ ಗೊತ್ತಿರಬೇಕು. ನಾವು ಕೆಟ್ಟವರಲ್ಲ. ನಂಬುವುದಿಲ್ಲ, ಅಷ್ಟೇ. ಬೀಗರ ಮನೆಯಿಂದ ಒಬ್ಬಟ್ಟು ಬಂದರೆ ಮೊದಲು ನಾಯಿಗೆ ಹಾಕಿ ಅದರ ಮುಖ ನೋಡುತ್ತೇವೆ. ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತುತ್ತೇವೆ, ಆದರೆ ಮಾತಾಡುವುದಿಲ್ಲ. ಆ ಕಡೆಯವರು ಸುಸ್ತಾಗುವ ತನಕ ಬರೀ ಕೇಳಿಸಿಕೊಳ್ಳುತ್ತೇವೆ. ಇದು ಈಗಿನ ಕಾಲದ ಬುದ್ಧಿ ಎಂದುಕೊಳ್ಳಬೇಡಿ, ಹಳೆಯದೇ. ಹೆಸರಿನ ಕಥೆಯನ್ನು ನಾನು ಕೇಳಿದ್ದು ನಮ್ಮ ಅಜ್ಜಿ ತಿಮ್ಮಕ್ಕನ ಬಾಯಿಂದ. ಅವಳು ಕೇಳಿದ್ದು ಅವಳ ಅತ್ತೆಯ ಬಾಯಿಂದ. ಆ ಅತ್ತೆ ನಿಜ ಹೇಳುತ್ತಿದ್ದಳೋ ಇಲ್ಲವೋ ಎಂದು ಅಜ್ಜಿಗೆ ಈಗಲೂ ಅನುಮಾನ.

ಹಿಂದೆ ಒಮ್ಮೆ, ಈ ರಸ್ತೆ ಬರೀ ಕಾಲುದಾರಿಯಾಗಿದ್ದ ಕಾಲದಲ್ಲಿ, ಪಡುವಲ ಸೀಮೆಯಿಂದ ಒಬ್ಬ ಮನುಷ್ಯ ತಲೆಯ ಮೇಲೆ ಉಪ್ಪಿನ ಮೂಟೆ ಹೊತ್ತು ಬಂದನಂತೆ. ಸೌಳು ಮಣ್ಣನ್ನು ನೀರಲ್ಲಿ ಕದಡಿ ಸೋಸಿ, ಆ ನೀರನ್ನು ಬಿಸಿಲಿಗೆ ಒಣಗಿಸಿ, ಬೇಸಿಗೆ ಪೂರ್ತಿ ಅವನೂ ಅವನ ಹೆಂಡತಿಯೂ ಕೆರೆದು ಕೂಡಿಸಿದ ಉಪ್ಪು. ಅದನ್ನು ನಮ್ಮೂರಿನಾಚೆಯ ಸಂತೆಯಲ್ಲಿ ಕೊಟ್ಟು ರಾಗಿ ತಗೊಂಡರೆ ಅವನ ಮನೆಯಲ್ಲಿ ಮಳೆಗಾಲ ಮುಗಿಯುವವರೆಗೆ ಮುದ್ದೆ. ಕೊಡದಿದ್ದರೆ ಇಲ್ಲ. ಲೆಕ್ಕ ಅಷ್ಟು ಸರಳ. ಆದರೆ ದಿಣ್ಣೆ ಏರುವಾಗ ಅವನ ಅಂಗಾಲಿಗೆ ಜಾಲಿಮುಳ್ಳು ನಾಟಿತು. ತಲೆಹೊರೆಯವರು ದಾರಿಯಲ್ಲಿ ಒಬ್ಬರೇ ಇದ್ದಾಗ ಹೊರೆಯನ್ನು ನೆಲಕ್ಕೆ ಇಳಿಸುವುದಿಲ್ಲ. ಇಳಿಸುವುದು ಒಬ್ಬನಿಂದಲೇ ಆಗುತ್ತದೆ, ತಿರುಗಿ ತಲೆಗೇರಿಸಲು ಇನ್ನೊಬ್ಬರ ಕೈ ಬೇಕು. ಅವನಿಗೂ ಇದು ಗೊತ್ತಿತ್ತು. ಮುಳ್ಳು ಮುರಿದುಕೊಂಡು ಒಳಗೇ ಕೂತಿದ್ದರಿಂದ ಬೇರೆ ದಾರಿ ಇರಲಿಲ್ಲ. ಇಳಿಸಿದ, ಮುಳ್ಳು ತೆಗೆದ, ಎದ್ದು ನಿಂತು ನೋಡಿದ. ಮೂಡಲಲ್ಲಿ ಮೋಡ ಕಟ್ಟುತ್ತಿತ್ತು. ಉಪ್ಪಿಗೆ ಕಳ್ಳನ ಭಯವಿಲ್ಲ, ಮಳೆಯದು ಮಾತ್ರ. ಸಂತೆಯ ಚಾವಡಿ ಸೇರಿದರೆ ಮೂಟೆ ಉಳಿಯುತ್ತದೆ. ಮೂಟೆಯನ್ನು ನೆಲದ ಮೇಲೆ ಎಳೆದರೆ ಗೋಣಿ ಹರಿದು ಉಪ್ಪು ದಾರಿಯ ಪಾಲು. ಯಾರಾದರೂ ಬರಲಿ, ಎರಡು ಉಸಿರಿನ ಹೊತ್ತು ಕೈ ಕೊಟ್ಟರೆ ಸಾಕು ಎಂದು ಕಾದು ನಿಂತನಂತೆ.

ಮೊದಲು ಬಂದವನು ನಮ್ಮೂರ ತಳವಾರ ಮೂಗಣ್ಣ. ಹತ್ತು ಮಾರು ದೂರದಲ್ಲೇ ನಿಂತು, ಕೋಲನ್ನು ನೆಲಕ್ಕೂರಿ, "ಯಾವೂರಪ್ಪ?" ಎಂದ. ಆತ ಊರಿನ ಹೆಸರು ಹೇಳಿದ. ಮೂಗಣ್ಣ ಆ ಹೆಸರನ್ನು ಕೇಳಿರಲಿಲ್ಲ. ತಾನು ಕೇಳದ ಊರು ಇರುವುದು ಹೇಗೆ ಎಂಬುದು ಅವನ ಮೊದಲ ಅನುಮಾನ. "ಮೂಟೇಲಿ ಏನು?" ಎಂದ. "ಉಪ್ಪು ಕಣಣ್ಣ. ಒಂದು ಕೈ ಕೊಟ್ಟು ತಲೆಗೆ ಏರಿಸಿಬಿಡು, ಮಳೆ ಬರೋ ಹಂಗಿದೆ" ಎಂದ ಆತ. ಮೂಗಣ್ಣ ಯೋಚಿಸಿದ. ಉಪ್ಪು ಅಂತ ಹೇಳಿದ ಮಾತ್ರಕ್ಕೆ ಉಪ್ಪೇ ಇರಬೇಕೆಂದೇನೂ ಇಲ್ಲ. ಉಪ್ಪೇ ಇದ್ದರೂ ಅದು ಅವನದೇ ಇರಬೇಕೆಂದಿಲ್ಲ. ಬಗ್ಗಿ ಮೂಟೆ ಹಿಡಿದಾಗ ತನ್ನ ಎರಡೂ ಕೈ ಸಿಕ್ಕಿಬೀಳುತ್ತವೆ, ಕೋಲು ಯಾರ ಕೈಗೆ ಹೋಗುತ್ತದೆ? "ಹಿಂದೆ ಬರೋರಿದಾರೆ, ಅವರ್ನ ಕೇಳು" ಎಂದು ಹೇಳಿ, ಬೆನ್ನು ತೋರಿಸದೆ ಹಿಂದಹಿಂದಕ್ಕೇ ಹೆಜ್ಜೆ ಹಾಕಿಕೊಂಡು ದಿಣ್ಣೆ ಇಳಿದನಂತೆ. ಒಂದು ಸಲ ಎಡವಿ ಬಿದ್ದನೆಂದೂ ಎನ್ನುತ್ತಾರೆ. ಅದನ್ನು ನಾನು ನಂಬುತ್ತೇನೆ.

ಆಮೇಲೆ ಬಂದವರು ದೊಡ್ಡಹೊನ್ನಮ್ಮ ಮತ್ತು ಅವಳ ಸೊಸೆ ಸಣ್ಣೀರವ್ವ. ಹೊಲದಿಂದ ಹುಲ್ಲು ತರುತ್ತಿದ್ದರು. "ಯಾವೂರಪ್ಪ?" ಎಂದಳು ಹೊನ್ನಮ್ಮ. ಆತ ಹೇಳಿದ. ಉಪ್ಪೆಂದೂ ಹೇಳಿದ, ಕೈ ಕೊಡಿ ಎಂದೂ ಕೇಳಿದ. ಹೊನ್ನಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಉಪ್ಪಾ? ಉಪ್ಪನ್ನ ಕೈಯಿಂದ ಕೈಗೆ ಕೊಟ್ರೆ ಜಗಳ ಆಗುತ್ತೆ, ನಮ್ಮನೇಲಿ ಇರೋದೇ ಸಾಕು" ಎಂದು ಸೊಸೆಯ ಕಡೆ ತಿರುಗಿ ನೋಡಿದಳು. ಉಪ್ಪು ಬೇಕಾದಾಗ ಕೊಡುವವರು ಬಟ್ಟಲಲ್ಲಿ ಹಾಕಿ ನೆಲಕ್ಕಿಡುತ್ತಾರೆ, ತಗೊಳ್ಳುವವರು ಎತ್ತಿಕೊಳ್ಳುತ್ತಾರೆ, ಅದು ಇಂದಿಗೂ ನಮ್ಮ ಕಡೆಯ ಪದ್ಧತಿ.

"ಕೈಗೆ ಕೊಡಬೇಡ ಕಣವ್ವ," ಎಂದ ಆತ, "ತಲೆಗೆ ಕೊಡು."

ಸಣ್ಣೀರವ್ವನಿಗೆ ನಗು ಬಂತಂತೆ. ಅವಳು ಹುಲ್ಲಿನ ಹೊರೆ ಇಳಿಸಲು ಕೈ ಎತ್ತಿದಳೂ ಅಂತೆ. ಆದರೆ ಹೊನ್ನಮ್ಮ ಸೊಸೆಯ ಸೆರಗು ಹಿಡಿದೆಳೆದು, "ಇಷ್ಟು ಚೆನ್ನಾಗಿ ಮಾತಾಡೋನು ಉಪ್ಪು ಮಾರೋನಲ್ಲ, ನಡಿ" ಎಂದಳು. ಸೊಸೆ ನಡೆದಳು. ಒಂದು ಸಲ ತಿರುಗಿ ನೋಡಿದಳು, ಅಷ್ಟೇ.

ಕೊನೆಗೆ ಕುದುರೆಯ ಮೇಲೆ ಬಂದವರು ಪಟೇಲ ಹಲಗೇಗೌಡರು. ಇವರು ದಾನಿ ಎಂದು ಏಳೂರಿಗೆ ಹೆಸರು. ಬೇಸಿಗೆಯಲ್ಲಿ ಅರವಟ್ಟಿಗೆ ಇಡಿಸಿ ನೀರು ಮಜ್ಜಿಗೆ ಕೊಡಿಸುತ್ತಿದ್ದರು, ಮನೆಯ ಬಾಗಿಲನ್ನು ಊಟದ ಹೊತ್ತಿಗೆ ಹಾಕುತ್ತಿರಲಿಲ್ಲ. "ಯಾವೂರಪ್ಪ?" ಎಂದು ಅವರೂ ಕೇಳಿದರು. ಉತ್ತರಕ್ಕೆ ಕಾಯದೆ, "ನಮ್ಮನೇಗೆ ಬಾ, ಉಂಡು ಮಲಗಿ ನಾಳೆ ಹೋಗು" ಎಂದರು. ಆತ ಕೈಮುಗಿದು, "ಊಟ ಬೇಡ ಗೌಡ್ರೇ, ಕೆಳಗಿಳಿದು ಈ ಕಡೆಯ ಮೂಲೆ ಒಂಚೂರು ಎತ್ತಿದ್ರೆ ಸಾಕು" ಎಂದ. ಗೌಡರಿಗೆ ಅನುಮಾನ ಬಂದದ್ದು ಆಗ. ಇಷ್ಟು ವರ್ಷದಲ್ಲಿ ಅವರ ಮನೆಯ ಊಟ ಬೇಡ ಎಂದವರು ಯಾರೂ ಇರಲಿಲ್ಲ. ಊಟ ಬೇಡ ಎನ್ನುವವನಿಗೆ ಬೇರೆ ಏನೋ ಬೇಕಾಗಿರಬೇಕು. ಕೆಳಗಿಳಿ ಅಂತಾನೆ, ಇಳಿದರೆ ಕುದುರೆ? ಅವರು "ಆಳು ಕಳಿಸ್ತೀನಿ, ಇರು" ಎಂದು ಹೇಳಿ ಲಗಾಮು ಎಳೆದರು. ಆಳನ್ನು ಕಳಿಸಲೂ ಹೇಳಿದರಂತೆ. ಆದರೆ ಅಷ್ಟರಲ್ಲಿ ಮೂಗಣ್ಣ ಊರು ಮುಟ್ಟಿ ಸುದ್ದಿ ಹಬ್ಬಿಸಿದ್ದ. ಅವನ ಬಾಯಲ್ಲಿ ಮೂಟೆಯೊಳಗೆ ಕತ್ತಿ ಇತ್ತು. ಹೊನ್ನಮ್ಮನ ಬಾಯಲ್ಲಿ ಕದ್ದ ಕೂಸು ಇತ್ತು. ಸುದ್ದಿ ಊರ ಚಾವಡಿಗೆ ಮುಟ್ಟುವ ಹೊತ್ತಿಗೆ ಕತ್ತಿ ಹಿಡಿದ ಹತ್ತು ಜನ ದಿಣ್ಣೆಯ ಹಿಂದೆ ಅಡಗಿದ್ದರು. ಯಾವ ಆಳು ಹೋಗುತ್ತಾನೆ? ಊರಿನ ಬಾಗಿಲುಗಳೆಲ್ಲ ಹಾಕಿಕೊಂಡವು, ಗೌಡರದೂ ಹಾಕಿಕೊಂಡಿತು. ಆಗಲೇ ಮಳೆ ಹಿಡಿಯಿತು.

ಬೆಳಿಗ್ಗೆ ಇಪ್ಪತ್ತು ಜನ ದೊಣ್ಣೆ ಹಿಡಿದು ಹೋದರು. ದಿಣ್ಣೆಯ ಮೇಲೆ ಯಾರೂ ಇರಲಿಲ್ಲ. ಮೂಟೆಯೂ ಇರಲಿಲ್ಲ. ದಾರಿಯ ತಗ್ಗಿನಲ್ಲಿ ನಿಂತ ನೀರನ್ನು ಹೊನ್ನಮ್ಮನ ಎಮ್ಮೆ ಕುಡಿಯದೆ ನೆಕ್ಕುತ್ತಿತ್ತು. ಮೂಗಣ್ಣ ಅದರಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಮುಟ್ಟಿಸಿಕೊಂಡರಂತೆ. ಗೌಡರು ಕುದುರೆ ಇಳಿದು ಮುಟ್ಟಿಸಿಕೊಂಡರಂತೆ. ಅವನ ಊರಿಗೆ ಒಂದು ಗಾಡಿ ರಾಗಿ ಕಳಿಸೋಣ ಎಂದರೆ ಊರಿನ ಹೆಸರು ಯಾರಿಗೂ ನೆನಪಿಲ್ಲ. ಮೂರು ಜನ ಕೇಳಿದ್ದರು, ಮೂವರೂ ಉತ್ತರವನ್ನು ತಲೆಯಲ್ಲಿ ಇಟ್ಟುಕೊಂಡಿರಲಿಲ್ಲ. ಅವನ ಹೆಸರನ್ನಂತೂ ಯಾರೂ ಕೇಳಿಯೇ ಇರಲಿಲ್ಲ. ತಾವು ಕೇಳಿದ್ದು ಏನೋ ಅದೇ ಅವನ ಹೆಸರಾಯಿತು. ಮುಂದಿನ ಅಮಾವಾಸ್ಯೆಯೊಳಗೆ ಗೌಡರು ಎರಡು ಕಲ್ಲು ನೆಡಿಸಿ ಮೇಲೆ ಚಪ್ಪಡಿ ಹಾಕಿಸಿದರು. ಹೊರೆಯವರು ಬಂದು ಹೊರೆಯನ್ನು ಅದರ ಮೇಲೆ ಸರಿಸಿ ಸುಧಾರಿಸಿಕೊಳ್ಳಬಹುದು, ಆಮೇಲೆ ತಲೆ ಬಗ್ಗಿಸಿ ಎಳೆದುಕೊಂಡು ಹೊರಡಬಹುದು. ಯಾರ ಕೈಯೂ ಬೇಡ. ಇದು ಪುಣ್ಯದ ಕೆಲಸ ಎಂದು ಊರಿನ ಹಿರಿಯರು ಎನ್ನುತ್ತಾರೆ. ಇನ್ನು ಮುಂದೆ ಯಾರೂ ನಮ್ಮನ್ನು ಕೇಳದೆ ಇರಲಿ ಎಂದು ಹಾಕಿಸಿದ್ದು ಎಂದು ನನ್ನ ಅನುಮಾನ.

ಈಗ ತಲೆಹೊರೆಯವರಿಲ್ಲ. ಬಂದವರು ಚಪ್ಪಡಿಯ ಮೇಲೆ ಬ್ಯಾಗು ಇಡುತ್ತಾರೆ, ಹೆಲ್ಮೆಟ್ ಇಡುತ್ತಾರೆ, ಹರಕೆಯವರು ಒಂದು ಹಿಡಿ ಉಪ್ಪು ಇಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ದನಗಳು ಬಂದು ಅದನ್ನು ನೆಕ್ಕುತ್ತವೆ. ನೆಕ್ಕಿ ನೆಕ್ಕಿ ಚಪ್ಪಡಿಯ ಒಂದು ಅಂಚು ನುಣ್ಣಗಾಗಿದೆ, ಬೇಕಾದರೆ ಬಂದು ಕೈಯಾಡಿಸಿ ನೋಡಿ. ಬಸ್ಸಿಗೆ ಕಾಯುವವರಿಗೆ ನಾನು ಈ ಕಥೆ ಹೇಳಿದಾಗಲೆಲ್ಲ ಅವರು ಕೇಳುವುದು ಒಂದೇ, ಆ ಮನುಷ್ಯ ಏನಾದ? ಅದಕ್ಕೆ ನಾನು ಹೇಳುತ್ತೇನೆ. ಮಳೆ ಹಿಡಿದ ಮೇಲೆ ಸಣ್ಣೀರವ್ವ ಅತ್ತೆಯ ಕಣ್ಣು ತಪ್ಪಿಸಿ, ಕಂಬಳಿ ಕೊಪ್ಪೆ ಹಾಕಿಕೊಂಡು ದಿಣ್ಣೆಗೆ ಓಡಿಬಂದಳು. ಅಷ್ಟರಲ್ಲಿ ಅರ್ಧ ಉಪ್ಪು ಕರಗಿತ್ತು, ಉಳಿದರ್ಧದ ಮೇಲೆ ಅವಳ ಕಂಬಳಿ ಹೊದಿಸಿದರು, ಇಬ್ಬರೂ ಸೇರಿ ಎತ್ತಿದರು. ಹೊರಡುವಾಗ ಅವಳು "ನಿನ್ನ ಹೆಸರೇನಣ್ಣ?" ಎಂದು ಕೇಳಿದಳು. ಅವನು ಹೇಳಿದ.

ಏನು ಹೇಳಿದ ಎಂಬಲ್ಲಿ ಸ್ವಲ್ಪ ತೊಂದರೆ ಇದೆ. ಒಬ್ಬರಿಗೆ ನಾನು ಮೂಡ್ಲಪ್ಪ ಎಂದಿದ್ದೆ, ಇನ್ನೊಬ್ಬರಿಗೆ ಹೊಂಬಾಳಯ್ಯ ಎಂದಿದ್ದೆ. ಮೊನ್ನೆ ಆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದಿಳಿದು ನನ್ನ ಕೊರಳಪಟ್ಟಿ ಹಿಡಿದರು. ಆದ್ದರಿಂದ ಒಪ್ಪಿಕೊಂಡುಬಿಡುತ್ತೇನೆ, ಸಣ್ಣೀರವ್ವ ವಾಪಸ್ ಬಂದದ್ದು ನಾನು ಕಟ್ಟಿದ ಕಥೆ. ಅಜ್ಜಿ ಹೇಳುವಾಗ ಅವಳು ವಾಪಸ್ ಬರುವುದಿಲ್ಲ. ಮಳೆ ಬರುತ್ತದೆ, ಬೆಳಗಾಗುತ್ತದೆ. ನಡುವೆ ಏನಾಯಿತು ಎಂದು ನಾನು ಚಿಕ್ಕವನಿದ್ದಾಗಿನಿಂದ ಪೀಡಿಸುತ್ತಿದ್ದೇನೆ. ಅಜ್ಜಿ ಅಕ್ಕಿ ಆರಿಸುತ್ತಾ ತಲೆಯೆತ್ತದೆ ಅನ್ನುತ್ತಾಳೆ, "ನಂಗೇನು ಗೊತ್ತೋ? ನೋಡೋಕೆ ಅಲ್ಲಿ ಯಾರಿದ್ರು?"