ಮರಳಿನಲ್ಲಿ ತೋಡಿದ ಕುಣಿ

ಮಲಪ್ರಭೆಯ ದಂಡೆಯ ಮೇಲೆ, ಊರುಗಳಿಂದ ದೂರದಲ್ಲಿ, ಒಂದು ಚಿಕ್ಕ ಆಶ್ರಮವಿತ್ತು. ಮಣ್ಣಿನ ಗೋಡೆಯ ಪ್ರಾರ್ಥನಾಲಯ, ಅದರ ನೆತ್ತಿಯಲ್ಲಿ ಜಾಲಿ ಕಟ್ಟಿಗೆಯ ಶಿಲುಬೆ, ಸುತ್ತ ಬೇವಿನ ಮರಗಳು.

ಅಲ್ಲಿ ಸಮಾಧಾನ ಅಯ್ಯನವರೆಂಬ ವೃದ್ಧರು ಇದ್ದರು. ಕ್ರಿಸ್ತನ ದಾರಿ ಕೇಳಿಕೊಂಡು ಬಂದವರಿಗೆ ಅವರು ಹೆಚ್ಚೇನೂ ಬೋಧಿಸುತ್ತಿರಲಿಲ್ಲ. ಅಂಗಳ ಗುಡಿಸಲು ಹೇಳುತ್ತಿದ್ದರು. ಜೊತೆಗೆ ಕೂತು ಉಣ್ಣುತ್ತಿದ್ದರು.

ಅವರ ಶಿಷ್ಯರಲ್ಲಿ ಒಬ್ಬ ನೂತನಕುಮಾರ. ಆ ಹೆಸರನ್ನು ಅವನೇ ಆರಿಸಿಕೊಂಡಿದ್ದ. ದೀಕ್ಷಾಸ್ನಾನಕ್ಕೆ ಮೊದಲು ಅವನು ಫಕೀರಪ್ಪ. ಲಾರಿ ಓಡಿಸುತ್ತಿದ್ದ, ಕುಡಿಯುತ್ತಿದ್ದ, ಕುಡಿದಾಗ ಕೈ ಎತ್ತುತ್ತಿದ್ದ.

ನೀರಿನಿಂದ ಎದ್ದ ದಿನವೇ ಹಳೆಯ ಅಂಗಿಗಳನ್ನೆಲ್ಲ ಸುಟ್ಟ. ಸಂತೆಯಲ್ಲಿ ಹಳೆಯ ಊರಿನವರು ಕಂಡು 'ಫಕೀರಾ' ಎಂದು ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ.

ಚಳಿಗಾಲ ಮುಗಿಯುತ್ತ ಬಂದಿದ್ದ ಒಂದು ಬೆಳಗ್ಗೆ, ನದಿಯ ಮೇಲೆ ತೆಳ್ಳಗೆ ಮಂಜು ಹಾಸಿತ್ತು. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಕೈ ಕಾಣುತ್ತಿರಲಿಲ್ಲ, ಸದ್ದು ಮಾತ್ರ ತೇಲಿ ಬರುತ್ತಿತ್ತು.

"ಅಯ್ಯನವರ, ಒಂದು ಕನಸು ನನ್ನ ಬಿಡವಲ್ದು," ಎಂದ ನೂತನ.

"ಎಂಥಾ ಕನಸು?"

"ಒಂದು ಬಾಗಲಾ. ಬಾಗಲದಾಗ ಯಾರೋ ನಿಂತಾರ. ಹಿಂದಿನಿಂದ ಬೆಳಕು ಬೀಳತೈತಿ, ಮುಖ ಕಾಣೂದಿಲ್ಲ. ನಾನು ಹೊರಗ ಹೋಗಬೇಕು, ಅವರು ದಾರಿ ಬಿಡೂದಿಲ್ಲ. ಅಷ್ಟರಾಗ ಎಚ್ಚರ ಆಗತೈತಿ."

"ಯಾರು ಅಂತ ಕೇಳಿದಿ?"

"ಯಾಕ ಕೇಳ್ಲಿ? ಹಿಂದಿಂದು ಯಾವುದೂ ನನಗ ಬ್ಯಾಡ್ರಿ. ಫಕೀರಪ್ಪ ಸತ್ತ."

"ಹೌದಾ? ಮಣ್ಣು ಮಾಡಿದವರು ಯಾರು?"

ತಮಾಷೆಯೆಂದುಕೊಂಡು ನೂತನ ನಕ್ಕ. ಅಯ್ಯನವರು ನಗಲಿಲ್ಲ.

ಹೊತ್ತು ಏರಿತು. ನೂತನ ಬೇವಿನ ಮರದ ಕೆಳಗೆ ಗುಡಿಸುತ್ತಿದ್ದ. ತಲೆ ಎತ್ತಿದಾಗ, ಬೇಲಿಯ ಹತ್ತಿರ ಒಬ್ಬ ಹೆಂಗಸು ಬುತ್ತಿ ಗಂಟು ಹಿಡಿದು ನಿಂತಿರುವುದು ಕಂಡಿತು. ತಲೆಯ ಮೇಲೆ ಸೆರಗು, ಪಾದದ ತುಂಬ ರಸ್ತೆಯ ಧೂಳು.

ಕಸಬರಿಗೆ ಅವನ ಕೈಯಿಂದ ಬಿತ್ತು. ಅವನು ಪ್ರಾರ್ಥನಾಲಯದ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅಯ್ಯನವರು ಅವಳ ಬಳಿಗೆ ಬಂದು ಏನೋ ಕೇಳಿದರು. ಅವಳು ಕತ್ತು ಹೊರಳಿಸಿ, "ಈ ಕಡೆ ಬಂದು ಮಾತಾಡ್ರಿ. ಎಡಗಿವಿ ಕೇಳಸೂದಿಲ್ಲ," ಎಂದಳು.

ಅಯ್ಯನವರು ಬಲಗಡೆಗೆ ಬಂದು ನಿಂತರು.

"ನಾ ದ್ಯಾಮವ್ವರಿ. ಫಕೀರಪ್ಪ ಇಲ್ಲೆ ಅದಾನಂತ ಕೇಳಿ ಬಂದೆ. ಅವನ ಅಕ್ಕ ನಾನು. ನಮ್ಮವ್ವ ತೀರಿಕೊಂಡಾಗ ಅವಗ ಇನ್ನೂ ಹಲ್ಲು ಬಂದಿರಲಿಲ್ಲ. ನಾನ ಸಾಕೀನಿ."

"ಬಾ ತಾಯಿ, ನೆರಳಿಗೆ ಕೂಡು."

"ಕೂಡಾಕ ಬಂದಿಲ್ರಿ, ಕರಕೊಂಡು ಹೋಗಾಕ ಬಂದೀನಿ. ನನ್ನ ಮಗಳು ಕಸ್ತೂರಿದು ಲಗ್ನ. ಸೋದರಮಾವ ಬರೂತನಕ ತಲಿ ಮ್ಯಾಲ ಅಕ್ಕಿಕಾಳು ಬೀಳಗೊಡೂದಿಲ್ಲ ಅಂತ ಹಟ ಹಿಡದು ಕೂತಾಳ. ಬೀಗರು ಆಗಲೇ ಮುಖ ಗಂಟು ಹಾಕ್ಯಾರ."

ಅಯ್ಯನವರು ಪ್ರಾರ್ಥನಾಲಯದ ಬಾಗಿಲಿಗೆ ಹೋದರು. "ನೂತನ, ನಿಮ್ಮಕ್ಕ ಬಂದಾಳ."

ಒಳಗಿನಿಂದ "ಅಕ್ಕ ಇದ್ದದ್ದು ಫಕೀರಪ್ಪಗ. ಅವ ಸತ್ತಾನಂತ ಹೇಳಿಬಿಡ್ರಿ," ಎಂಬ ದನಿ ಬಂತು.

ಅಯ್ಯನವರು ಮರಳಿ ಬಂದು, ಕೇಳಿದ್ದನ್ನು ಕೇಳಿದಂತೆಯೇ ಅವಳಿಗೆ ಹೇಳಿದರು.

ದ್ಯಾಮವ್ವ ಅಳಲಿಲ್ಲ. ಬುತ್ತಿಯ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಸತ್ತಿದ್ರ ಮಣ್ಣು ಮಾಡಿರಬೇಕಲ್ರಿ. ಎಲ್ಲೆ? ಜಾಗಾ ತೋರಸ್ರಿ. ಒಂದು ಹಿಡಿ ಮಣ್ಣು ಹಾಕಿ, ಅತ್ತು ಹೋಗ್ತೀನಿ."

ಅಯ್ಯನವರು ಅವಳನ್ನೇ ನೋಡಿದರು. ಆಮೇಲೆ ಗೋಡೆಗೆ ಒರಗಿಸಿದ್ದ ಸಲಿಕೆ ಎತ್ತಿಕೊಂಡು ನದಿಯ ಕಡೆ ಇಳಿದರು. ಅವಳು ಹಿಂಬಾಲಿಸಿದಳು.

ನದಿ ಆಚೆ ದಡಕ್ಕೆ ಸರಿದು, ಈಚೆಗೆ ಮರಳಿನ ಬಯಲು ಬಿಟ್ಟಿತ್ತು. ಬಿಸಿಲು ಮಂಜಿನೊಳಗಿಂದ ಸೋಸಿ ಬಂದು, ಮರಳು ಹಾಲಿನ ಬಣ್ಣಕ್ಕೆ ತಿರುಗಿತ್ತು. ಎಲ್ಲಿ ನೆಲ ಮುಗಿದು ಎಲ್ಲಿ ನೀರು ಶುರುವಾಗುತ್ತದೋ ತಿಳಿಯುವಂತಿರಲಿಲ್ಲ. ಬೆಳ್ಳಕ್ಕಿಗಳು ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತಿದ್ದವು.

ಅಯ್ಯನವರು ಅಗೆಯತೊಡಗಿದರು.

ಸಲಿಕೆಯ ಸದ್ದು ಪ್ರಾರ್ಥನಾಲಯದವರೆಗೂ ಕೇಳಿತು. ಒಂದು ಏಟು, ಆಮೇಲೆ ಮುದುಕರ ಏದುಸಿರು, ಮತ್ತೆ ಒಂದು ಏಟು. ನೂತನ ತಡೆದುಕೊಳ್ಳುವಷ್ಟು ತಡೆದುಕೊಂಡ. ಕೊನೆಗೆ ಬಾಗಿಲು ತೆಗೆದು ಓಡಿ ಬಂದ. ಅಕ್ಕನ ಕಡೆ ನೋಡಲಿಲ್ಲ.

"ನೀವ್ಯಾಕ ತೋಡಾಕತ್ತೀರಿ? ಕೊಡ್ರಿ ಇಲ್ಲೆ."

ಅಯ್ಯನವರು ಸಲಿಕೆ ಕೊಟ್ಟರು. ಅವನು ಅಗೆದ. ಮೊಣಕಾಲಿನವರೆಗೆ ಇಳಿದಾಗ ಕೇಳಿದ:

"ಎಷ್ಟು ಉದ್ದ ಬೇಕರಿ?"

"ನಿನ್ನ ಅಳತಿಗೆ."

ಸಲಿಕೆ ನಿಂತಿತು.

"ಇದು ಯಾರಿಗ್ರಿ?"

"ಫಕೀರಪ್ಪಗ. ಅವರಕ್ಕ ಮಣ್ಣು ಹಾಕಾಕ ಕಾಯಾಕತ್ತಾಳ."

"ಖಾಲಿ ಕುಣಿಗೆ ಹೆಂಗ್ರಿ ಮಣ್ಣು ಹಾಕ್ತಾರ?"

"ನನಗೂ ಅದ ತಿಳೀವಲ್ದು. ಅವನ್ನ ಎಲ್ಲಿಟ್ಟೀ, ಹೇಳು."

ಕುಣಿಯಲ್ಲಿ ನಿಂತಿದ್ದ ನೂತನನ ಕಾಲ್ಬೆರಳುಗಳ ನಡುವೆ ತಣ್ಣಗಾಯಿತು. ಮರಳಿನ ಅಡಿಯಿಂದ ನೀರು ಒಸರುತ್ತಿತ್ತು. ಮೊದಲು ಕದಡಿ ಬಂತು, ನೋಡುತ್ತಿದ್ದಂತೆ ತಿಳಿಯಾಯಿತು, ಪಾದ ಮುಚ್ಚಿತು.

ದ್ಯಾಮವ್ವ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬೊಗಸೆಯಲ್ಲಿ ಆ ನೀರನ್ನು ಎತ್ತಿ ಕುಡಿದಳು. ಮತ್ತೊಮ್ಮೆ ಎತ್ತಿ ಮುಖಕ್ಕೆ ಎರಚಿಕೊಂಡಳು. ನಂತರ ತಮ್ಮನನ್ನು ನೋಡಿದಳು.

"ಎಷ್ಟು ಸೊರಗೀಯೋ," ಎಂದಳು.

ಅವನು ಕುಣಿಯಿಂದ ಮೇಲೆ ಬಂದು ಅವಳ ಪಕ್ಕದಲ್ಲಿ ಕೂತ. ಅಯ್ಯನವರು ಸ್ವಲ್ಪ ದೂರ ಹೋಗಿ ನೀರಿನ ಕಡೆ ಮುಖ ಮಾಡಿ ನಿಂತರು.

ನೂತನ ನೆಲ ನೋಡುತ್ತ, ತಗ್ಗಿದ ದನಿಯಲ್ಲಿ ಮಾತಾಡಿದ. ಅಯ್ಯನವರಿಗೆ ತನ್ನ ಕುಡಿತ ಹೇಳಿದ್ದ, ಜಗಳಗಳನ್ನು ಹೇಳಿದ್ದ. ಈ ಒಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಕುಡಿದು ಬಂದ ತಾನು ಮತ್ತೆ ಕುಡಿಯಲು ಹೊರಟಿದ್ದು, ಹೊಸ್ತಿಲಲ್ಲಿ ಅಕ್ಕ ಅಡ್ಡ ನಿಂತಿದ್ದು, ತಾನು ಕೈ ಬೀಸಿ ಹೊಡೆದಿದ್ದು, ಅವಳು ಬಾಗಿಲ ಚೌಕಟ್ಟಿಗೆ ತಲೆ ಬಡಿದು ಬಿದ್ದಿದ್ದು, ಅವಳನ್ನು ದಾಟಿಕೊಂಡು ತಾನು ಹೊರಗೆ ಹೋಗಿದ್ದು. ಹೇಳಿ ಮುಗಿಸಿ ಕಾದ.

ಅವಳು ಬೆಳ್ಳಕ್ಕಿಗಳನ್ನು ನೋಡುತ್ತ ಕೂತಿದ್ದಳು.

"ಯಕ್ಕಾ."

ಅವಳು ತಿರುಗಲಿಲ್ಲ. ಅವನು ತೋಳು ಮುಟ್ಟಿದ.

"ಏನೋ? ಏನರ ಅಂದಿ? ಆ ಕಿವಿ ಕೇಳಸೂದಿಲ್ಲಪಾ. ಈ ಕಡೆ ಬಾ."

"ಯಾವಾಗಿಂದ?"

"ಅವತ್ತಿನಿಂದ," ಎಂದಳು.

ಅವನು ಮಂಡಿಯ ಮೇಲೆ ನಡೆದು, ಕುಣಿಯ ನೀರಿಗೆ ಇಳಿದು, ಅವಳ ಬಲಗಡೆಗೆ ಹತ್ತಿದ. ಎಲ್ಲವನ್ನೂ ಮೊದಲಿನಿಂದ ಮತ್ತೆ ಹೇಳಿದ. ಈ ಸಲ ಅವಳ ಮುಖ ನೋಡುತ್ತ ಹೇಳಿದ.

ದ್ಯಾಮವ್ವ ಪೂರ್ತಿ ಕೇಳಿದಳು. ಅವನು ಎಲ್ಲಿಯೂ ತಪ್ಪಿಸಿಕೊಳ್ಳದಂತೆ, ಒಂದು ಮಾತೂ ಅಡ್ಡ ಆಡದೆ ಕೇಳಿದಳು.

"ನೋವಾಗಿತ್ತಪಾ," ಎಂದಳು. "ಇಲ್ಲ ಅಂದ್ರ ಸುಳ್ಳಾಗತೈತಿ. ಆದ್ರ ನಾ ಅತ್ತದ್ದು ಕಿವಿಗಲ್ಲ. ನೀ ತಿರುಗಿ ಬರಲಿಲ್ಲಲ್ಲ, ಅದಕ್ಕ. ಈಗ ಮನಿ ಮುಂದ ಹಿಟ್ಟಿನ ಗಿರಣಿ ಆಗೇತಿ. ಬಲಮಗ್ಗಲಕ ಮಲಗಿದ್ರ ಸಪ್ಪಳಾನೇ ಇಲ್ಲ. ಊರಾಗ ಚಲೋ ನಿದ್ದಿ ಮಾಡಾಕಿ ನಾನೊಬ್ಬಾಕಿ."

ಅವನಿಗೆ ನಗು ಬಂತು, ಆ ನಗುವಿನೊಳಗೇ ಅಳು ಬಂತು.

"ನನಗ ಕ್ಷಮಾ ಮಾಡ ಯಕ್ಕಾ."

"ಅದು ಯಾವಾಗೋ ಆಗಿಹೋತು. ಹೇಳೋಣಂದ್ರ ನೀನ ಸಿಗಲಿಲ್ಲ."

ಮೂವರೂ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡರು. ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ. ತಮ್ಮನ ತಾಟಿಗೆ ಅವಳು ಕೇಳದೆಯೇ ಮತ್ತೊಂದು ರೊಟ್ಟಿ ಹಾಕಿದಳು. ಅವನು ಬೇಡವೆನ್ನಲಿಲ್ಲ.

ಬಿಸಿಲು ಇಳಿದಾಗ ದ್ಯಾಮವ್ವ ಖಾಲಿ ಬುತ್ತಿ ಬಟ್ಟೆಯನ್ನು ಝಾಡಿಸಿ ಮಡಚಿದಳು. "ಬಸ್ಸು ತಪ್ಪತೈತಿ," ಎಂದು ಅಯ್ಯನವರ ಪಾದ ಮುಟ್ಟಿ, ದಂಡೆಯ ಹಾದಿ ಹಿಡಿದು ನಡೆದೇಬಿಟ್ಟಳು. ತಮ್ಮ ಹಿಂದೆ ಬರುತ್ತಾನೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ.

ನೂತನ ಅಯ್ಯನವರ ಮುಂದೆ ನಿಂತ. ಹೆಗಲ ಮೇಲೆ ಟವೆಲ್ಲು, ಬೇರೇನೂ ಇಲ್ಲ.

"ಅಂಜಿಕಿ ಬರತೈತ್ರಿ. ಅಲ್ಲೆ ನನ್ನ ಜೋಡಿ ಕುಡಿಯುವವರು ಇನ್ನೂ ಅದಾರ. ಬಾ ಅಂತ ಕೈ ಹಿಡದು ಜಗ್ಗತಾರ."

"ಜಗ್ಗತಾರ," ಎಂದರು ಅಯ್ಯನವರು.

"ಮಂದಿ ಹಳೇ ಹೆಸರಿಂದ ಕರೀತಾರ."

"ಕರೀತಾರ."

ನದಿಯ ಮೇಲೆ ಮತ್ತೆ ಮಬ್ಬು ಕವಿಯುತ್ತಿತ್ತು. ಹಾದಿಯ ಆ ತುದಿಯಲ್ಲಿ ಅಕ್ಕನ ಸೀರೆಯ ಬಣ್ಣ ಮಸುಕಾಗುತ್ತ ಹೋಗುತ್ತಿತ್ತು.

"ಅಯ್ಯನವರ, ಹಿಂದಿಂದೆಲ್ಲ ಬಿಟ್ಟು ಮುಂದಕ್ಕ ಹೋಗಬೇಕಂತ ನಿಮ್ಮ ಹತ್ರ ಬಂದವ ನಾನು. ಈಗ ಹಿಂದಕ್ಕ ಹೊಂಟಂಗ ಆಗಲಿಲ್ಲೇನ್ರಿ?"

ಅಯ್ಯನವರು ಹಣೆಗೆ ಕೈ ಅಡ್ಡ ಹಿಡಿದು ಹಾದಿಯ ಕಡೆ ನೋಡಿದರು.

"ಹಿಂದಕ್ಕೆಲ್ಲೋ? ನಿಮ್ಮಕ್ಕ ನೋಡು, ಆಗಲೇ ಎಷ್ಟು ಮುಂದ ಹೋಗ್ಯಾಳ. ಲಗೂ ಲಗೂ ನಡಿ."